ದಿನ ತುಂಬುವುದು

ಬಟ್ಟೆಯ ಈ ತುದಿ ಹಿಡಿದು ನಿಂತವನು ನಾನು.
ಹತ್ತು ವರ್ಷ. ಅಂಗೈ ತುಂಬ ಬೆವರು.
ಆ ತುದಿಯಲ್ಲಿ ಸಿಲಾಸನ ಕೈಯಲ್ಲಿ ಏದೆನ್ ತೋಟ,
ನನ್ನ ಹೆಬ್ಬೆರಳ ಕೆಳಗೆ ಹೊಸ ಆಕಾಶ, ಹೊಸ ಭೂಮಿ.
ನಡುವೆ ಹನ್ನೆರಡು ಅಡಿ ಕೋರಾ ಬಟ್ಟೆ,
ಅದರ ಮೇಲೆ ಬಣ್ಣಬಣ್ಣವಾಗಿ ಲೋಕದ ಆಯುಸ್ಸು.

ಬಂಗಾರಪೇಟೆಯಿಂದ ಬಂದ ಬ್ರದರ್ ಜೀವಾನಂದಂ
ಬಿದಿರು ಕೋಲಿನಲ್ಲಿ ಯುಗಗಳನ್ನು ದಾಟುತ್ತ ಬಂದು
ನನ್ನ ಹೆಬ್ಬೆರಳಿಗೆ ಒಂದು ಗೇಣು ಇರುವಾಗ ನಿಂತರು.
"ನಾವು ಇಲ್ಲಿದ್ದೇವೆ."
ಮಾರಿಕುಪ್ಪಂನ ತಗಡಿನ ಸಭೆ
ಉಸಿರು ಹಿಡಿದು ನನ್ನ ಬೆರಳನ್ನೇ ನೋಡಿತು.

ಯುದ್ಧ ಎಂದರು. ಕ್ಷಾಮ ಎಂದರು.
ಅಲ್ಲಲ್ಲಿ ನೆಲ ನಡುಗುವುದು ಎಂದರು.
ಇದಕ್ಕೆ ಮಾತ್ರ ಯಾರೂ ಹೆದರಲಿಲ್ಲ.
ನಮ್ಮ ಕಾಲ ಕೆಳಗೆ ಮೈಲಿಗಟ್ಟಲೆ ಟೊಳ್ಳು;
ಆಳದಲ್ಲಿ ಬಂಡೆ ಸಿಡಿದರೆ ಗೂಡಿನ ಲೋಟಗಳು
ತಮ್ಮಷ್ಟಕ್ಕೆ ಮಾತಾಡುವುದನ್ನು
ತೊಟ್ಟಿಲಿಂದ ಕೇಳಿದವರು ನಾವು.
ಆಗ ಹೆಂಗಸರು ಕೇಳುತ್ತಿದ್ದದ್ದು ಲೋಕದ ಗತಿಯನ್ನಲ್ಲ,
ಈಗ ಕೆಳಗಿರುವುದು ಯಾರ ಪಾಳಿ, ಎಂದು.

ಚಿನ್ನದ ಬೀದಿ ಎಂದಾಗ
ಹಿಂದಿನಿಂದ ಒಂದು ಕೆಮ್ಮು, ಕೆಮ್ಮಿನ ಹಿಂದೆ
ಮೂವತ್ತು ವರ್ಷ ಕೆಳಗಿಳಿದ ಆರೋಗ್ಯಂ ತಾತನ ದನಿ:
"ಅಯ್ನೋರೇ, ಅದನ್ನ ಅಗೆದೋರು ಯಾರು?"
ಬ್ರದರ್ ಪುಟ ತಿರುವಿದರು.

ಆಮೇಲೆ ಎದ್ದವಳು ಕರುಣಾಮಣಿ.
ಸಾಲುಮನೆಗಳ ಅರ್ಧ ಮಕ್ಕಳ ಹೊಕ್ಕುಳ ಬಳ್ಳಿ
ಕತ್ತರಿಸಿದವಳು, ನನ್ನದೂ ಸೇರಿ.
ತಮಿಳು ತೆಲುಗು ಬೆರೆತ ಅವಳ ಕನ್ನಡ:
"ಕಡೇ ದಿನ ಅಂದ್ರೆ ನಂಗೊತ್ತು ಬ್ರದರ್.
ಆ ಮೀನುಗಾರ ಎದ್ದು ನಿಂತು, ಇವೇ ಆ ದಿನಗಳು ಅಂದಾಗ
ಬೆಳಿಗ್ಗೆ ಒಂಬತ್ತು ಗಂಟೆ; ಕುಡಿದವ್ರೆ ಅಂದ್ರು ಜನ.
ಆವತ್ತಿಂದ ಇವತ್ತಿನವರೆಗೂ ಕಡೇ ದಿನಗಳೇ.
ಎಲ್ಲಾ ಓದಿದ್ರಿ, ಒಂದು ಸಾಲು ಬಿಟ್ರಿ,
ಇದೆಲ್ಲ ನೋವಿನ ಶುರು ಅಂತ.
ಯಾವ ನೋವು? ಸಾಯೋ ನೋವಲ್ಲ. ಹೆರಿಗೆ ನೋವು."

ಗೋಡೆಗೊರಗಿ ಕೂತಿದ್ದಳು ಅಮ್ಮ, ದಿನ ತುಂಬಿದವಳು.
ಅವಳ ಹೊಟ್ಟೆಯ ಮೇಲೆ ಕೈಯಿಟ್ಟು
"ಬೆರಳು ಹಾಕಿ ನೋಡೋ ನಂಗೇ ಗೊತ್ತಾಗಲ್ಲ ಗಳಿಗೆ," ಅಂದಳು,
"ನೀವು ಗೇಣು ಹಾಕ್ತೀರಾ?
ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ.
ನಡುವೆ ನೀರು ಕುಡಿಸ್ಬೇಕು. ಬೆನ್ನು ನೀವ್ಬೇಕು."

ನಮ್ಮ ಭಾಷೆಗೆ ಇದು ಮೊದಲೇ ತಿಳಿದಿತ್ತೇನೋ.
ಪಾಪಿಗೂ ದಿನ ತುಂಬುತ್ತದೆ, ಬಸುರಿಗೂ.
ಯಾವ ಕೊಡ ಎಂದು ಮಾತು ಹೇಳುವುದಿಲ್ಲ.

ಬಟ್ಟೆ ಸುತ್ತುವಾಗ ನೋಡಿದರೆ
ಬೆವರಿಗೆ ಕರಗಿದ ಹೊಸ ಪಟ್ಟಣದ ಹಳದಿ
ನನ್ನ ಹೆಬ್ಬೆರಳಿಗೆ ಅಂಟಿತ್ತು.
ಅಮ್ಮ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ.

ತಂಗಿ ಹುಟ್ಟಿದ್ದು ಆ ರಾತ್ರಿಯಲ್ಲ;
ಹನ್ನೊಂದು ದಿನ ಬಿಟ್ಟು, ಒಂದು ಮಂಗಳವಾರ,
ಬೆಳಗಿನ ಪಾಳಿಯ ಸೈರನ್ನಿಗೆ ಮುಂಚೆ, ಕಳ್ಳನ ಹಾಗೆ.
ಓಡಿಹೋಗಿ ಬಾಗಿಲು ಬಡಿದವನು ನಾನು.
ಕರುಣಾಮಣಿ ಗೊರಕೆ ಹೊಡೆಯುತ್ತಿದ್ದಳು.
ಎಚ್ಚರವಾಗಿರಿ ಎಂಬ ಮಾತಿಗೆ ಅವಳು ತಿಳಿದ ಅರ್ಥ
ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು:
ಖಾಕಿ ಚೀಲ, ಕುದಿಸಿದ ದಾರ, ಹೊಸ ಬ್ಲೇಡು,
ಪಕ್ಕದಲ್ಲಿ ಸೀಮೆಎಣ್ಣೆ ತುಂಬಿದ ಲಾಂದ್ರ.

ಈಗ ಸೈರನ್ ಇಲ್ಲ. ಸುರಂಗಗಳಲ್ಲಿ ನೀರು ಏರಿದೆ.
ಸಯನೈಡ್ ದಿಬ್ಬದ ಧೂಳು ಗಾಳಿ ಬಂದಾಗ
ಎಳೆಯರನ್ನೂ ಮುದುಕರನ್ನೂ ಸಮನಾಗಿ ನರೆಸುತ್ತದೆ.
ಗಣಿ ಮುಚ್ಚಿದ್ದೇ ಕಡೇ ದಿನ ಅಂದುಕೊಂಡಿದ್ದೆವು;
ಮಾರನೆಯ ಬೆಳಿಗ್ಗೆ ಹಾಲಿನವನು ಬಂದ.
ಅದರಿಂದ ಹುಟ್ಟಿದ್ದೇನು? ನನಗೆ ಗೊತ್ತಿಲ್ಲ.
ಕೇಳೋಣವೆಂದರೆ ಅವಳು ನೀಲಗಿರಿ ಮರಗಳ ಕೆಳಗೆ,
ಹೆಸರು ಮಾಸಿದ ಶಿಲುಬೆಯ ಹಿಂದೆ.

ಕೆಲವು ರಾತ್ರಿ ಗೂಡಿನ ಲೋಟ ಈಗಲೂ ಮಾತಾಡುತ್ತದೆ.
ಕೆಳಗೆ ಯಾರ ಪಾಳಿಯೂ ಇಲ್ಲ.
ಎದ್ದು ಕೂತು, ಅವಳು ಅಮ್ಮನ ಪಕ್ಕ ಕೂತು ಮಾಡಿದಂತೆ,
ಒಂದು ನೋವಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತೆಂದು
ಎಣಿಸುತ್ತೇನೆ.